ಒಂದೇ ಅಳತೆಯ ಎರಡು ಬೋಟು: ಯಾವುದು ನಿಮಗೆ ಹೊಂದುತ್ತದೆ ಎಂದು ನೀರಿಗಿಳಿಸಿ ನೋಡುವುದು ಹೇಗೆ?

ಎರಡೂ 19 ಅಡಿಯ ಫೈಬರ್ ಬೋಟು. ಎರಡಕ್ಕೂ 90 ಎಚ್‌ಪಿ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಅಂದರೆ ಹಿಂಬದಿಯ ಹಲಗೆಗೆ ಹೊರಗಿನಿಂದ ಕೂರಿಸುವಂಥದ್ದು. ಬೆಲೆಯೂ ಹೆಚ್ಚುಕಡಿಮೆ ಒಂದೇ. ಇದರಲ್ಲಿ ಯಾವುದನ್ನು ತೆಗೆದುಕೊಳ್ಳಲಿ ಎಂದು ಕೇಳುವವರು ಹೊನ್ನಾವರದ ಶರಾವತಿ ದಂಡೆಯಲ್ಲಿ ಈಗ ಆಗಾಗ ಸಿಗುತ್ತಾರೆ. ಹೋಮ್‌ಸ್ಟೇ ನಡೆಸುವವರು, ಮನೆಮಂದಿಯನ್ನು ಕೂರಿಸಿಕೊಂಡು ಹಿನ್ನೀರು ಸುತ್ತುವ ಆಸೆ ಇರುವವರು, ಗಾಳ ಹಾಕುವವರು. ಎಲ್ಲರ ಮೊದಲ ಪ್ರಶ್ನೆ, ‘ಎಷ್ಟು ಸ್ಪೀಡ್ ಹೋಗ್ತದೆ?’ ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಹಾಗೆ ಹೇಳಲು ಕಾರಣ ಇದೆ. ನನ್ನ ಮೊದಲ ಬೋಟನ್ನು ಕೊಳ್ಳುವಾಗ ಮಾರುವವರು ನನ್ನೊಬ್ಬನನ್ನೇ ಕೂರಿಸಿಕೊಂಡು, ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇಟ್ಟುಕೊಂಡು ಓಡಿಸಿ ತೋರಿಸಿದ್ದರು. ಬಾಣದ ಹಾಗೆ ಹೋಯಿತು. ಮನೆಗೆ ತಂದು ಆರು ಮಂದಿ ಅತಿಥಿಗಳನ್ನು ಕೂರಿಸಿದ ದಿನ ಅದು ಮೂತಿ ಮೇಲೆತ್ತಿ, ಹಿಂಬದಿ ನೀರಿಗೆ ಊರಿ, ಎಂಜಿನ್ ಎಷ್ಟು ಅರಚಿದರೂ ಮೇಲೇಳಲೇ ಇಲ್ಲ. ಬೋಟೇ ಸರಿಯಿಲ್ಲ ಎಂದು ಮಾರಲು ಹೊರಟಿದ್ದೆ. ದಕ್ಕೆಯಲ್ಲಿದ್ದ ಹಿರಿಯ ಟಂಡೇಲರೊಬ್ಬರು (ಮೀನುಗಾರಿಕೆ ಬೋಟು ನಡೆಸುವವರು) ಹಿಂದೆ ಬಂದು ಬಗ್ಗಿ ನೋಡಿ, ‘ಬೋಟಿಗೆ ಏನೂ ಆಗಲಿಲ್ಲ ತಮಾ, ಫ್ಯಾನ್ ನೋಡು’ ಅಂದರು. ಪ್ರೊಪೆಲ್ಲರ್‌ಗೆ ನಮ್ಮ ಕಡೆ ಫ್ಯಾನ್ ಎಂದೇ ಹೆಸರು. ಅದರ ಪಿಚ್, ಅಂದರೆ ಒಂದು ಸುತ್ತಿಗೆ ಮುಂದೊತ್ತುವ ಅಳತೆ, 19 ಇಂಚು ಇತ್ತು. 15ರದ್ದು ಹಾಕಿಸಿದ ಮೇಲೆ ಅದೇ ಬೋಟು, ಅದೇ ಆರು ಮಂದಿಯನ್ನು ಹೊತ್ತು ಸಲೀಸಾಗಿ ಎದ್ದಿತು.

ಎರಡು ಬೋಟುಗಳ ನಡುವೆ ಕಾಣುವ ಬಹಳಷ್ಟು ವ್ಯತ್ಯಾಸ ಬೋಟಿನದ್ದಲ್ಲ. ಫ್ಯಾನಿನದ್ದು, ಭಾರದ್ದು, ತಳದ ಪಾಚಿಯದ್ದು. ಅದನ್ನೆಲ್ಲ ಬದಿಗೆ ಸರಿಸಿದ ಮೇಲೆ ಉಳಿಯುವುದೇ ನಿಜವಾದ ವ್ಯತ್ಯಾಸ.

ಮೊದಲು ಎರಡನ್ನೂ ಸಮ ಮಾಡಿ

ವಾರಗಟ್ಟಲೆ ನೀರಿನಲ್ಲೇ ನಿಂತ ಬೋಟಿನ ತಳಕ್ಕೆ ಪಾಚಿ, ಚಿಪ್ಪು ಹತ್ತಿರುತ್ತದೆ. ಟ್ರೈಲರಿನಿಂದ ಆಗಷ್ಟೇ ಇಳಿದ ಬೋಟಿನ ಜೊತೆ ಅದನ್ನು ಹೋಲಿಸಿದರೆ ಅನ್ಯಾಯ. ಎರಡರ ತಳವನ್ನೂ ಕೆರೆಸಿ ತೊಳೆಸಿ. ಪೆಟ್ರೋಲ್ ಎರಡರಲ್ಲೂ ಒಂದೇ ಮಟ್ಟದಲ್ಲಿರಲಿ, ಯಾಕೆಂದರೆ 100 ಲೀಟರ್ ಪೆಟ್ರೋಲ್ ಅಂದರೆ ಸುಮಾರು 75 ಕಿಲೋ, ಒಬ್ಬ ಮನುಷ್ಯನ ತೂಕ.

ಆಮೇಲೆ ಭಾರ. ನೀವು ದಿನನಿತ್ಯ ಎಷ್ಟು ಜನರನ್ನು ಕೂರಿಸುತ್ತೀರೋ ಅಷ್ಟೇ ಭಾರ ಇರಬೇಕು. ಅಷ್ಟು ಜನರನ್ನು ಪರೀಕ್ಷೆಗೆಂದು ಕರೆದೊಯ್ಯುವುದು ಕಷ್ಟ, ಅಪಾಯವೂ ಹೌದು. ನಾನು 20 ಲೀಟರಿನ ಕುಡಿಯುವ ನೀರಿನ ಕ್ಯಾನುಗಳನ್ನು ಇಡುತ್ತೇನೆ. 15 ಕ್ಯಾನು ಇಟ್ಟರೆ 300 ಕಿಲೋ ಆಯಿತು. ಕಂಠಪೂರ್ತಿ ತುಂಬಿರಬೇಕು, ಅರೆ ತುಂಬಿದರೆ ನೀರು ಒಳಗೇ ಕುಲುಕಾಡಿ ಬೋಟು ಹೊಯ್ದಾಡುತ್ತದೆ. ಜನ ಕೂರುವ ಜಾಗದಲ್ಲೇ ಇಟ್ಟು, ಹಗ್ಗದಿಂದ ಬಿಗಿಯಾಗಿ ಕಟ್ಟಿ.

ಇನ್ನು ಫ್ಯಾನ್. ಅದರ ನಡುವಿನ ಗುಬುಟಿನ ಮೇಲೆ ಎರಡು ಅಂಕಿ ಕೊರೆದಿರುತ್ತದೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಪಿಚ್ 17 ಅಂದರೆ ಫ್ಯಾನ್ ಒಂದು ಸುತ್ತು ತಿರುಗಿದಾಗ, ಬೆಣ್ಣೆಯಲ್ಲಿ ಸ್ಕ್ರೂ ಇಳಿದ ಹಾಗೆ ಜಾರದೆ ಹೋದರೆ, 17 ಇಂಚು ಮುಂದೆ ಹೋಗುತ್ತದೆ. ಎರಡು ಬೋಟಿಗೂ ಒಂದೇ ಅಂಕಿಯ ಫ್ಯಾನ್ ಇರಲೇಬೇಕೆಂದಿಲ್ಲ. ಆದರೆ ನಿಮ್ಮ ಪೂರ್ತಿ ಭಾರದಲ್ಲಿ ಥ್ರಾಟಲ್ (ವೇಗ ಏರಿಸುವ ಹಿಡಿ) ಕೊನೆವರೆಗೆ ದೂಡಿದಾಗ, ಎಂಜಿನ್ ತನ್ನ ಕೈಪಿಡಿಯಲ್ಲಿ ಹೇಳಿದ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಂಕಿ) ಮುಟ್ಟಬೇಕು. ಈ ಗಾತ್ರದ ಅನೇಕ ಎಂಜಿನ್‌ಗಳಿಗೆ ಅದು 5000ದಿಂದ 6000. ಒಂದು ಬೋಟು 5600ಕ್ಕೆ ಏರಿ ಇನ್ನೊಂದು 4700ಕ್ಕೇ ನಿಂತರೆ ಹೋಲಿಕೆಯನ್ನು ಅಲ್ಲೇ ನಿಲ್ಲಿಸಿ. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150–200 ಆರ್‌ಪಿಎಂ ಏರುತ್ತದೆ, ಆ ಲೆಕ್ಕದಲ್ಲಿ ಫ್ಯಾನ್ ಬದಲಿಸಿಯೇ ಮುಂದುವರಿಯಿರಿ.

ಬೆಳಗಿನ ನೀರು, ಸಂಜೆಯ ನೀರು

ಎರಡನ್ನೂ ಒಂದೇ ದಿನ ನೋಡಿ. ನಮ್ಮ ಕರಾವಳಿಯಲ್ಲಿ ಡಿಸೆಂಬರ್, ಜನವರಿಯ ಬೆಳಿಗ್ಗೆ ನೆಲದ ಕಡೆಯಿಂದ ತೆಳ್ಳನೆ ಗಾಳಿ, ಹೊಳೆ ಕನ್ನಡಿಯಂತೆ. ಮಧ್ಯಾಹ್ನ ಕಳೆದರೆ ಕಡಲ ಗಾಳಿ ಏಳುತ್ತದೆ. ವೇಗ, ಇಂಧನದ ಅಳತೆ ಬೆಳಿಗ್ಗೆ, ತೆರೆಯ ಪರೀಕ್ಷೆ ಸಂಜೆ.

ವೇಗವನ್ನು ಮೊಬೈಲಿನ ಜಿಪಿಎಸ್‌ನಲ್ಲಿ ನೋಡಿದರೆ ಸಾಕು, ಆದರೆ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ನೋಡಬೇಕು. ಉಬ್ಬರ ಇಳಿತದ ಹರಿವು ಜಿಪಿಎಸ್ ಅಂಕಿಯಲ್ಲಿ ಸೇರಿಬಿಡುತ್ತದೆ. ಹರಿವಿನ ಜೊತೆ 61 ಕಿ.ಮೀ., ಎದುರು 55 ಕಿ.ಮೀ. ಬಂದರೆ ಬೋಟಿನ ನಿಜವಾದ ವೇಗ 58. ಅವಸರವಿಲ್ಲದೆ 1000 ಆರ್‌ಪಿಎಂನಿಂದ ಶುರುಮಾಡಿ 500ರ ಮೆಟ್ಟಿಲಿನಲ್ಲಿ ಏರುತ್ತಾ ಪ್ರತಿ ಮೆಟ್ಟಿಲಿನ ವೇಗ ಬರೆದುಕೊಳ್ಳಿ. ಓಡಿಸುವವರು ಬೇರೆ, ಬರೆಯುವವರು ಬೇರೆ ಇರಲಿ.

ಈ ಅಂಕಿಯಿಂದಲೇ ಫ್ಯಾನ್ ಎಷ್ಟು ಜಾರುತ್ತಿದೆ ಎಂದು ತಿಳಿಯಬಹುದು. ಪಿಚ್ 17, ಆರ್‌ಪಿಎಂ 5600, ಗೇರ್ ಅನುಪಾತ (ಫ್ಯಾನ್ ಒಂದು ಸುತ್ತು ತಿರುಗಲು ಎಂಜಿನ್ ತಿರುಗುವ ಸುತ್ತು) 2.15 ಎಂದಿಟ್ಟುಕೊಳ್ಳಿ. 17ನ್ನು 5600ರಿಂದ ಗುಣಿಸಿ, 2.15ರಿಂದ ಭಾಗಿಸಿ, 0.001524ರಿಂದ ಗುಣಿಸಿದರೆ ಗಂಟೆಗೆ 67.5 ಕಿ.ಮೀ. ಇದು ಜಾರದೆ ಹೋದರೆ ಬರುವ ವೇಗ. ನಿಜಕ್ಕೆ ಬಂದದ್ದು 58, ಅಂದರೆ ಶೇ 14 ಜಾರುವಿಕೆ. ಇಂಥ ಬೋಟಿಗೆ ಶೇ 10ರಿಂದ 15 ಸಹಜ. ಒಂದು ಬೋಟಿನಲ್ಲಿ ಅದು ಶೇ 25 ದಾಟಿದರೆ ಎಂಜಿನ್ ತೀರಾ ಎತ್ತರದಲ್ಲಿ ಕೂತಿದೆಯೇ, ಫ್ಯಾನಿನ ಎಲೆ ಬಾಗಿದೆಯೇ ನೋಡಿ.

ಇಂಧನಕ್ಕೆ ಮೀಟರ್ ಇಲ್ಲದಿದ್ದರೆ ಚಿಂತೆ ಬೇಡ. ಹೊರಗಿಡುವ ಸಣ್ಣ ಟ್ಯಾಂಕನ್ನು ಎಂಜಿನ್‌ಗೆ ಜೋಡಿಸಿ, ಹೊರಡುವ ಮೊದಲು ದಕ್ಕೆಯಲ್ಲಿ ಮೀನು ತೂಗುವ ತಕ್ಕಡಿಗೆ ನೇತುಹಾಕಿ ತೂಗಿ. ನಿಮ್ಮ ರೂಢಿಯ ವೇಗದಲ್ಲಿ 20 ಕಿ.ಮೀ. ಓಡಿಸಿ ಬಂದು ಮತ್ತೆ ತೂಗಿ. ಕಡಿಮೆಯಾದ ಕಿಲೋವನ್ನು 0.74ರಿಂದ ಭಾಗಿಸಿದರೆ ಲೀಟರ್ ಸಿಕ್ಕಿತು. ತೂಗುವಾಗ ಎಂಜಿನ್ ನಿಂತಿರಲಿ, ಹತ್ತಿರ ಬೀಡಿ ಸಿಗರೇಟು ಬೇಡ.

ಮೇಲೇಳುವ ಆ ಕ್ಷಣ

ಎರಡು ಬೋಟಿನ ಗುಣ ಅತ್ಯಂತ ಸ್ಪಷ್ಟವಾಗಿ ಗೊತ್ತಾಗುವುದು ಇಲ್ಲಿ. ಗಂಟೆಗೆ 10 ಕಿ.ಮೀ. ತನಕ ಈ ಗಾತ್ರದ ಬೋಟು ನೀರನ್ನು ಸೀಳಿಕೊಂಡು ಹೋಗುತ್ತದೆ. ಥ್ರಾಟಲ್ ಕೊಟ್ಟಾಗ ತಾನೇ ಎಬ್ಬಿಸಿದ ತೆರೆಯನ್ನು ಹತ್ತಲು ಹೆಣಗುತ್ತದೆ: ಮೂತಿ ಏರಿ ಎದುರಿನ ದಂಡೆ ಮರೆಯಾಗುತ್ತದೆ, ಹಿಂದೆ ನೀರು ಹಿಂಬದಿಯ ಹಲಗೆಗೆ ಅಂಟಿಕೊಂಡೇ ಕುದಿಯುತ್ತದೆ. ಆಮೇಲೆ ಒಮ್ಮೆಲೇ ಮೂತಿ ಇಳಿಯುತ್ತದೆ, ದಂಡೆ ಕಾಣುತ್ತದೆ, ಹಿಂಬದಿಯ ನೀರು ಹಲಗೆಯಿಂದ ಕತ್ತರಿಸಿದಂತೆ ಬಿಟ್ಟುಕೊಳ್ಳುತ್ತದೆ, ಎಂಜಿನ್ನಿನ ದನಿ ಹಗುರಾಗುತ್ತದೆ. ಬೋಟು ‘ಪ್ಲೇನ್’ಗೆ ಬಂತು.

ನಿಂತಲ್ಲಿಂದ ಆ ಕ್ಷಣದ ತನಕ ಎಷ್ಟು ಸೆಕೆಂಡು ಎಂದು ಮೂರು ಸಲ ಎಣಿಸಿ. ಮುಂದೇನೂ ಕಾಣದೆ ಕಳೆಯುವ ಸೆಕೆಂಡುಗಳು ಅವು. ಮೀನುಗಾರರ ದೋಣಿ, ಹಾಕಿಟ್ಟ ಬಲೆ ಇರುವ ಹೊಳೆಯಲ್ಲಿ ಅದು ಚಿಕ್ಕ ಮಾತಲ್ಲ. ಬಳಿಕ ಥ್ರಾಟಲನ್ನು ಮೆಲ್ಲ ಇಳಿಸುತ್ತಾ ಬನ್ನಿ. ಯಾವ ವೇಗದಲ್ಲಿ ಬೋಟು ಮತ್ತೆ ಕುಸಿಯುತ್ತದೆ? 20 ಕಿ.ಮೀ.ಗೆ ಇಳಿದರೂ ಪ್ಲೇನ್‌ನಲ್ಲೇ ಉಳಿಯಬಲ್ಲ ಬೋಟು, 28ಕ್ಕೇ ಕುಸಿಯುವ ಬೋಟಿಗಿಂತ ತೆರೆಯಿದ್ದಾಗ ಬಹಳ ಉಪಕಾರಿ, ಯಾಕೆಂದರೆ ಅಲ್ಲಿ ನಿಧಾನವಾಗಿ ಹೋಗಲೇಬೇಕಾಗುತ್ತದೆ.

ತಿರುವು

ಲೈಫ್ ಜಾಕೆಟ್ ಎಲ್ಲರಿಗೂ, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ಓಡಿಸುವವರ ಕೈಗೆ ಅಥವಾ ಸೊಂಟಕ್ಕೆ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟುಗಳಲ್ಲಿ 2021ರ ಏಪ್ರಿಲ್‌ನಿಂದ ಈ ಹಗ್ಗ ಕಟ್ಟಿಕೊಳ್ಳುವುದು ಕಡ್ಡಾಯ. ಇಲ್ಲಿ ಯಾರೂ ಹೇಳದಿದ್ದರೂ ಕಟ್ಟಿಕೊಳ್ಳಿ. ಅರ್ಧ ವೇಗದಲ್ಲಿ, ಎಂಜಿನ್ ಟ್ರಿಮ್ (ಎಂಜಿನ್ ಓರೆಯಾಗಿ ನಿಲ್ಲುವ ಕೋನ) ಬೋಟಿನ ಕಡೆಗೆ ಒಳಗಿಟ್ಟು, ಕೂತವರಿಗೆ ಹೇಳಿಯೇ ತಿರುಗಿಸಿ. ಎಡಕ್ಕೂ ಬಲಕ್ಕೂ. ತಿರುವಿನ ನಡುವೆ ಎಂಜಿನ್ ಇದ್ದಕ್ಕಿದ್ದಂತೆ ಅರಚಿ ಬೋಟು ಹಿಡಿತ ಬಿಟ್ಟರೆ ಫ್ಯಾನ್ ಗಾಳಿ ಎಳೆದುಕೊಂಡಿದೆ ಎಂದರ್ಥ. ಎಂಜಿನ್ನನ್ನು ಬೋಲ್ಟಿನ ಒಂದು ತೂತು ಕೆಳಗೆ ಕೂರಿಸಿದರೆ ಅನೇಕ ಸಲ ಅದು ಸರಿಹೋಗುತ್ತದೆ. ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತಿದ್ದರೂ ಬೋಟನ್ನು ದೂರಬೇಡಿ. ಎಂಜಿನ್ನಿನ ಕೆಳಗಿರುವ ಸಣ್ಣ ಟ್ರಿಮ್ ಟ್ಯಾಬ್ ಹೊಂದಿಸಿದರೆ ಆಯಿತು.

ತಳದ ಕೋನ

ಬೋಟು ಟ್ರೈಲರಿನ ಮೇಲಿದ್ದಾಗ ಹಿಂಬದಿ ತಳದ ಇಳಿಜಾರಿಗೆ ಮೊಬೈಲಿನ ಲೆವೆಲ್ ಆ್ಯಪ್ ಹಿಡಿದರೆ ಕೋನ ಸಿಗುತ್ತದೆ. 1960ರ ಮಿಯಾಮಿ–ನಸ್ಸೋ ರೇಸಿನಲ್ಲಿ, ಕೆರಳಿದ ಕಡಲಿನಲ್ಲಿ, ರೇ ಹಂಟ್ ವಿನ್ಯಾಸದ ‘ಮೋಪಿ’ ಎಂಬ ಬೋಟು ಗೆದ್ದ ಮೇಲೆ ಸುಮಾರು 24 ಡಿಗ್ರಿಯ ಆಳವಾದ ‘ವಿ’ ತಳ ಜಗತ್ತಿಗೆಲ್ಲ ಹಬ್ಬಿತು. ಅಂಥ ತಳ ತೆರೆಯನ್ನು ಕುಟ್ಟದೆ ಸೀಳುತ್ತದೆ, ಸೊಂಟ ಉಳಿಯುತ್ತದೆ. ಆದರೆ ಮೇಲೇಳಲು ಹೆಚ್ಚು ಶಕ್ತಿ ಬೇಡುತ್ತದೆ, ನಿಂತಾಗ ಹೊಯ್ದಾಡುತ್ತದೆ. 14–15 ಡಿಗ್ರಿಯದ್ದು ಬೇಗ ಏಳುತ್ತದೆ, ಕಡಿಮೆ ಕುಡಿಯುತ್ತದೆ, ನಿಂತಾಗ ಮಣೆಯ ಹಾಗೆ ನಿಲ್ಲುತ್ತದೆ, ತೆರೆಗೆ ಮಾತ್ರ ಕುಟ್ಟುತ್ತದೆ.

ಸಂಜೆ ಮೂರು ದಿಕ್ಕಿನಲ್ಲಿ ನೋಡಿ. ಎದುರು ತೆರೆಗೆ ಯಾವ ವೇಗದಲ್ಲಿ ನಿಮ್ಮ ಕೈ ತಾನಾಗಿ ಥ್ರಾಟಲ್ ಇಳಿಸುತ್ತದೆ ಎಂದು ಬರೆದುಕೊಳ್ಳಿ. ಅಡ್ಡ ತೆರೆಗೆ ಎರಚುವ ನೀರು ಯಾರ ಮೇಲೆ ಬೀಳುತ್ತದೆ ನೋಡಿ. ಹಿಂದಿನಿಂದ ಬರುವ ತೆರೆಯಲ್ಲಿ ಮೂತಿ ನೀರಿಗೆ ಕಚ್ಚಿ ಬೋಟು ಪಕ್ಕಕ್ಕೆ ತಿರುಗಲು ನೋಡುತ್ತದೆಯೇ ಗಮನಿಸಿ. ಟ್ರಿಮ್ ಸ್ವಲ್ಪ ಹೊರಗೆ ಕೊಟ್ಟರೂ ಹಾಗೆಯೇ ಮಾಡುವ ಬೋಟನ್ನು ನಾನು ಕೊಳ್ಳುವುದಿಲ್ಲ, ಬೇರೆ ಎಲ್ಲ ಗುಣ ಇದ್ದರೂ. ಈ ಪರೀಕ್ಷೆಯನ್ನು ಇಳಿತದ ಹೊತ್ತಿನಲ್ಲಿ ಅಳಿವೆಯಲ್ಲಿ ಮಾಡಲೇಬೇಡಿ. ಹೊರಗೋಡುವ ಹೊಳೆ, ಒಳಬರುವ ಕಡಲು ಎದುರುಬದುರಾಗಿ ತೆರೆ ಗೋಡೆಯಾಗುವ ಜಾಗ ಅದು.

ಕೊನೆಗೆ ದಕ್ಕೆ. ರಿವರ್ಸಿನಲ್ಲಿ ಎಷ್ಟು ಮಾತು ಕೇಳುತ್ತದೆ, ಗಾಳಿಗೆ ಎಷ್ಟು ಜಾರುತ್ತದೆ, ನಾಲ್ವರು ಒಂದೇ ಬದಿಗೆ ಹೋದರೆ ಅಂಚು ನೀರಿಗೆ ಎಷ್ಟು ಹತ್ತಿರ ಬರುತ್ತದೆ. ವಯಸ್ಸಾದವರು ಹತ್ತುವಾಗ ಹಿಡಿದುಕೊಳ್ಳಲು ಏನಿದೆ ಎಂಬುದನ್ನೂ ಇದೇ ಹಾಳೆಯಲ್ಲಿ ಬರೆಯಿರಿ.

ಹೊಳೆಯಲ್ಲೇ ಓಡಾಡುವ ನಾನು ಹೀಗೆ ನೋಡಿ ಆರಿಸಿದ್ದು ಕಡಿಮೆ ಕೋನದ ತಳದ್ದನ್ನು. ಕಾರವಾರದಲ್ಲಿ ಕೂರ್ಮಗಡ ದ್ವೀಪದ ಕಡೆ ಕಡಲಿಗಿಳಿಯುವ ಗೆಳೆಯ ಅದೇ ಹಾಳೆ ನೋಡಿ ಆಳವಾದ ‘ವಿ’ ತಳದ್ದನ್ನು ಒಯ್ದ. ಆ ಹಾಳೆಯನ್ನು ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದೇನೆ. ಪ್ರತಿ ವರ್ಷ ಮಳೆಗಾಲಕ್ಕೆ ಬೋಟನ್ನು ದಡಕ್ಕೆಳೆಯುವ ಮುಂಚೆ ಅದೇ 15 ಕ್ಯಾನು ಇಟ್ಟು ಒಮ್ಮೆ ಓಡಿಸುತ್ತೇನೆ. ಆರ್‌ಪಿಎಂ 200 ಕಡಿಮೆ ಬಂದರೆ ಮೊದಲು ತಳ ನೋಡುತ್ತೇನೆ, ಆಮೇಲೆ ಫ್ಯಾನಿನ ಅಂಚು, ಅದಾದ ಮೇಲೆಯೇ ಎಂಜಿನ್.