ಏನೂ ತಿನ್ನದಿದ್ದರೂ ಬೆಳಗ್ಗೆ ಶುಗರ್ ಜಾಸ್ತಿ ಯಾಕೆ? ಇನ್ಸುಲಿನ್ ಕೆಲಸ ಮಾಡುವ ಬಗೆ

ಸಕ್ಕರೆ ಕಾಯಿಲೆ ಇರುವ ಬಹಳ ಜನರಿಗೆ ಒಂದು ವಿಷಯ ಅರ್ಥವಾಗುವುದಿಲ್ಲ. ರಾತ್ರಿ ಊಟ ಮಾಡಿ ಮಲಗಿದ್ದು, ಬೆಳಗ್ಗೆ ಬಾಯಿಗೆ ಏನೂ ಹಾಕಿಲ್ಲ, ಆದರೂ ಶುಗರ್ ಏರಿದೆ!

ಮೊದಲು ಒಂದು ಲೆಕ್ಕ ನೋಡೋಣ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಕಾಯಿಲೆ ಇಲ್ಲದವರಲ್ಲಿ ಬರಿಹೊಟ್ಟೆಯ ಶುಗರ್ 100 ಮಿಲಿಲೀಟರ್ ರಕ್ತಕ್ಕೆ 70ರಿಂದ 99 ಮಿಲಿಗ್ರಾಂ. ಅಂದರೆ ಇಡೀ ರಕ್ತದಲ್ಲಿ ಇರುವುದು ಸುಮಾರು ಒಂದು ಚಿಕ್ಕ ಚಮಚದಷ್ಟು ಸಕ್ಕರೆ, ಅಷ್ಟೇ. ಒಂದೇ ಊಟದಿಂದ ಇದರ ಹತ್ತು ಪಟ್ಟು ಬರಬಹುದು. ಅದೆಲ್ಲ ಎಲ್ಲಿಗೆ ಹೋಗುತ್ತದೆ?

ಊಟದ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇದರ ಸುಳಿವು ಹಿಡಿದು ಇನ್ಸುಲಿನ್ ಎಂಬ ಹಾರ್ಮೋನನ್ನು ಬಿಡುತ್ತವೆ.

ಇನ್ಸುಲಿನ್ ಸಕ್ಕರೆಯನ್ನು ಕರಗಿಸುವುದಿಲ್ಲ, ಜಾಗ ಬದಲಿಸುತ್ತದೆ. ಅದು ಬಂದು ಅಂಟಿಕೊಂಡರೆ ಸ್ನಾಯು ಮತ್ತು ಕೊಬ್ಬಿನ ಕೋಶಗಳ ಒಳಗೆ ಕಾದಿದ್ದ ಪ್ರೋಟೀನ್‌ಗಳು ಮೇಲಕ್ಕೆ ಬಂದು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಇನ್ಸುಲಿನ್ ಬೀಗದ ಕೈ ಇದ್ದಂತೆ ಎಂದು ಹೇಳುವುದು ಇದಕ್ಕೇ. (ನಡೆದಾಡುವಾಗ ಸ್ನಾಯುಗಳು ಈ ಕೀಲಿ ಇಲ್ಲದೆಯೂ ಒಂದಷ್ಟು ಸಕ್ಕರೆ ಎಳೆದುಕೊಳ್ಳುತ್ತವೆ. ಊಟದ ಮೇಲೆ ನಡೆಯಿರಿ ಅನ್ನುವುದು ಸುಮ್ನೆ ಅಲ್ಲ.)

ಆದರೆ ಕೀಲಿಯ ಕಥೆ ಅರ್ಧ ಮಾತ್ರ. ಇನ್ನರ್ಧ ಲಿವರ್‌ನಲ್ಲಿದೆ. ಊಟವಾದಾಗ ಲಿವರ್ ಗ್ಲೂಕೋಸನ್ನು ಗ್ಲೈಕೋಜೆನ್ ಮಾಡಿ ಕೂಡಿಡುತ್ತದೆ. ರಾತ್ರಿ ಹೊಟ್ಟೆ ಖಾಲಿಯಾದಾಗ ಗ್ಲೂಕಗಾನ್ ಎಂಬ ಹಾರ್ಮೋನು ಹೇಳಿದಂತೆ ಅದನ್ನೇ ಸ್ವಲ್ಪ ಸ್ವಲ್ಪ ರಕ್ತಕ್ಕೆ ಬಿಡುತ್ತದೆ. ಮಿದುಳಿಗೆ ನಿದ್ದೆಯಲ್ಲೂ ಗ್ಲೂಕೋಸ್ ಬೇಕಲ್ವಾ? 'ಸಾಕು, ನಿಲ್ಲಿಸು' ಎಂದು ಲಿವರ್‌ಗೆ ಹೇಳುವುದು ಇನ್ಸುಲಿನ್. ಟೈಪ್ 1 ಬಗೆಯ ಸಕ್ಕರೆ ಕಾಯಿಲೆಯಲ್ಲಿ ಹೇಳಲು ಇನ್ಸುಲಿನ್ನೇ ಬಹುತೇಕ ಇರುವುದಿಲ್ಲ. ಟೈಪ್ 2ರಲ್ಲಿ ಅದು ಹೇಳಿದರೂ ಲಿವರ್ ಸರಿಯಾಗಿ ಕೇಳುವುದಿಲ್ಲ. ಬೆಳಗಿನ ಜಾವ ಬೇರೆ ಹಾರ್ಮೋನುಗಳೂ ಏರುವುದರಿಂದ ಲಿವರ್ ಇನ್ನಷ್ಟು ಸುರಿಯುತ್ತದೆ. ಬೆಳಗಿನ ಶುಗರ್ ಬಹುಪಾಲು ಇಲ್ಲಿಂದಲೇ ಬಂದದ್ದು.

ಇನ್ಸುಲಿನ್ ಇಂಜೆಕ್ಷನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ ಇರುವುದೂ ಇದೇ ಕಾರಣಕ್ಕೆ. ನಿಧಾನವಾಗಿ ಇಡೀ ದಿನ ಕೆಲಸ ಮಾಡುವುದು ಮುಖ್ಯವಾಗಿ ಲಿವರನ್ನು ಹಿಡಿದಿಡಲು. ಸುಮಾರು 15 ನಿಮಿಷಕ್ಕೆ ಶುರುವಾಗುವುದು ಊಟದ ಸಕ್ಕರೆಗೆ. ಇದನ್ನು ಚುಚ್ಚಿಕೊಂಡು ಊಟ ತಪ್ಪಿಸಿದರೆ ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ಗಲಿಬಿಲಿ ಕಂಡರೆ ತಕ್ಷಣ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಡೋಸ್ ಬದಲಿಸುವ ಮೊದಲು ವೈದ್ಯರನ್ನೇ ಕೇಳಿ.