ಸ್ಕೋರ್ ಪುಸ್ತಕ ಹಿಡಿದು ಮಗಳೊಡನೆ ಬೇಸ್‌ಬಾಲ್ ಮೈದಾನಕ್ಕೆ

2019ರ ಏಪ್ರಿಲ್ ತಿಂಗಳ ಒಂದು ಸಂಜೆ, ಆರು ವರ್ಷದ ಮಗಳನ್ನು ಕರೆದುಕೊಂಡು ಡರ್ಹಮ್ ನಗರದ ಬೇಸ್‌ಬಾಲ್ ಮೈದಾನಕ್ಕೆ ಹೋದಾಗ ಆ ಆಟದ ಬಗ್ಗೆ ನನಗೆ ತಿಳಿದಿದ್ದುದು ಎರಡೇ ಸಂಗತಿ: ದಾಂಡು ದುಂಡಗಿರುತ್ತದೆ, ಚೆಂಡನ್ನು ಹೊಡೆದವನು ಬಲಗಡೆಗೆ ಓಡಬೇಕು. ನಾವು ಇರುವುದು ನಾರ್ತ್ ಕ್ಯಾರೊಲಿನಾ ರಾಜ್ಯದ ಮಾರಿಸ್‌ವಿಲ್‌ನಲ್ಲಿ. ಇಲ್ಲಿ ಭಾರತೀಯರ ಸಂಖ್ಯೆ ಎಷ್ಟಿದೆಯೆಂದರೆ ಊರಿನ ಉದ್ಯಾನವೊಂದರಲ್ಲಿ ಕ್ರಿಕೆಟ್ ಮೈದಾನವೇ ಇದ್ದು, 2023ರ ಜುಲೈನಲ್ಲಿ ಮೇಜರ್ ಲೀಗ್ ಕ್ರಿಕೆಟ್‌ನ ಪಂದ್ಯಗಳೂ ಅಲ್ಲಿ ನಡೆದವು. ಹೀಗಿರುವಾಗ ಬೇಸ್‌ಬಾಲ್ ನೋಡಲು ಹೋದದ್ದೇಕೆ ಎಂದರೆ, ಮಗಳ ತರಗತಿಯ ಮಕ್ಕಳೆಲ್ಲ ಅದರ ಮಾತನ್ನೇ ಆಡುತ್ತಿದ್ದರು, ಮತ್ತು ಟಿಕೆಟ್ಟಿನ ಬೆಲೆ ಸಿನಿಮಾದ ಟಿಕೆಟ್ಟಿಗಿಂತ ಹೆಚ್ಚಿರಲಿಲ್ಲ.

ಆ ಮೊದಲ ಸಂಜೆ ಪೂರ್ತಿ ಸೋತುಹೋಯಿತು. ಏನು ನಡೆಯುತ್ತಿದೆಯೆಂದು ನನಗೇ ತಿಳಿಯದಿದ್ದುದರಿಂದ ಅವಳ ಯಾವ ಪ್ರಶ್ನೆಗೂ ಉತ್ತರವಿರಲಿಲ್ಲ. ಒಂಬತ್ತು ಇನಿಂಗ್ಸ್‌ಗಳ ಆ ಆಟದಲ್ಲಿ ಮೂರನೆಯದರ ಹೊತ್ತಿಗೆ ಅವಳು ಎರಡು ಬಾರಿ ತಿಂಡಿ ತಿಂದಿದ್ದಳು, ಐದನೆಯದರಲ್ಲಿ ಅಳು ಶುರುವಾಯಿತು, ನಾವು ಎದ್ದು ಬಂದೆವು. ಕಾರಿನಲ್ಲಿ ಅವಳು ನೆನಪಿಸಿಕೊಂಡದ್ದು ಒಂದನ್ನೇ. ಎಡಗಡೆಯ ಎತ್ತರದ ನೀಲಿ ಗೋಡೆಯ ಬಳಿ ಒಂದು ದೊಡ್ಡ ಗೂಳಿಯ ಚಿತ್ರವಿದೆ. ಇಲ್ಲಿನ ಡರ್ಹಮ್ ಬುಲ್ಸ್ ತಂಡದವರು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಮೈದಾನದಾಚೆಗೆ ಕಳುಹಿಸುವ ಹೊಡೆತ) ಹೊಡೆದಾಗ ಅದರ ಕಣ್ಣು ಕೆಂಪಾಗಿ ಹೊಳೆಯುತ್ತದೆ, ಮೂಗಿನಿಂದ ಹೊಗೆ ಬರುತ್ತದೆ, ಬಾಲ ಅಲ್ಲಾಡುತ್ತದೆ. ಚೆಂಡು ಆ ಗೂಳಿಗೇ ಬಡಿದರೆ ಆಟಗಾರನಿಗೆ ಮಾಂಸದೂಟ, ಅದರ ಕಾಲಡಿಯ ಹುಲ್ಲಿಗೆ ಬಡಿದರೆ ಸೊಪ್ಪಿನ ಊಟ ಎಂದು ಅದರ ಮೇಲೆಯೇ ಬರೆದಿದೆ. ನಮ್ಮದು ಸಸ್ಯಾಹಾರಿ ಮನೆಯಾದ್ದರಿಂದ ಹುಲ್ಲಿಗೆ ಹೊಡೆಯುವುದೇ ಹೆಚ್ಚಿನ ಸಾಧನೆ ಎಂದು ಮಗಳು ಬಹಳ ಕಾಲ ನಂಬಿದ್ದಳು.

ನನ್ನ ತಂದೆ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಲೀಗ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದವರು. ಭಾನುವಾರಗಳಲ್ಲಿ ಅವರ ಪಕ್ಕದ ಮಡಚು ಕುರ್ಚಿಯಲ್ಲಿ ಕುಳಿತು, ಓವರಿನ ಆರು ಚುಕ್ಕೆಗಳನ್ನು ಗೆರೆಯಿಂದ ಸೇರಿಸಿ ಮೇಡನ್ ಎಂದು ಗುರುತು ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಕ್ರಿಕೆಟ್ ನನಗೆ ಅರ್ಥವಾದದ್ದು ನೋಡಿ ಅಲ್ಲ, ಬರೆದು. ಡರ್ಹಮ್‌ನಿಂದ ಸೋತು ಬಂದ ರಾತ್ರಿ ಇದು ನೆನಪಾಗಿ, ಬೇಸ್‌ಬಾಲ್‌ಗೂ ಅಂಥ ಪುಸ್ತಕ ಇರಬೇಕಲ್ಲ ಎಂದು ಹುಡುಕಿದೆ. ಇತ್ತು. ಅಷ್ಟೇ ಅಲ್ಲ, ಆ ಬರವಣಿಗೆಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕಕ್ಕೆ ಬಂದು, ಮೊದಲು ಕ್ರಿಕೆಟ್ ವರದಿಗಳನ್ನೇ ಬರೆಯುತ್ತಿದ್ದವನು. ನನ್ನ ತಂದೆಯ ಕಡೆಯ ದೂರದ ನೆಂಟನೊಬ್ಬ ಸಿಕ್ಕಿದಷ್ಟು ಸಮಾಧಾನವಾಯಿತು.

ಈ ಪುಸ್ತಕದಲ್ಲಿ ಒಬ್ಬ ಬ್ಯಾಟರ್ ಒಂದು ಬಾರಿ ಆಡಲು ಬಂದರೆ ಒಂದು ಚೌಕ. ಆ ಚೌಕದೊಳಗೆ ಸಣ್ಣ ವಜ್ರಾಕೃತಿ ಇರುತ್ತದೆ. ಅವನು ಮೈದಾನದ ನಾಲ್ಕು ಮೂಲೆಗಳಲ್ಲಿರುವ ಒಂದೊಂದು ಬೇಸ್ ಮುಟ್ಟಿದಂತೆ ಅದರ ಒಂದೊಂದು ಬದಿಯನ್ನು ದಪ್ಪ ಮಾಡಬೇಕು, ಸುತ್ತಿ ಮನೆ ಸೇರಿದರೆ ಇಡೀ ವಜ್ರವನ್ನು ತುಂಬಬೇಕು. ಮೊದಲ ವರ್ಷ ನಾನು ಮಗಳಿಗೆ ಹೇಳಿಕೊಟ್ಟದ್ದು ಇಷ್ಟನ್ನೇ. ಬಣ್ಣದ ಪೆನ್ಸಿಲ್ ಹಿಡಿದು ವಜ್ರ ತುಂಬಲು ಕಾಯುವ ಮಗು ಆಟದಿಂದ ಕಣ್ಣು ತೆಗೆಯುವುದಿಲ್ಲ ಎಂಬುದು ನನಗೆ ಎರಡನೆಯ ಪಂದ್ಯದಲ್ಲೇ ಗೊತ್ತಾಯಿತು. ಮರುವರ್ಷ ಕ್ಷೇತ್ರರಕ್ಷಕರ ಅಂಕಿಗಳಿಗೆ ಬಂದೆವು. ಚೆಂಡೆಸೆಯುವ ಪಿಚರ್ 1, ಬ್ಯಾಟರ್‌ನ ಹಿಂದೆ ಕುಳಿತು ಹಿಡಿಯುವ ಕ್ಯಾಚರ್ 2, ಹೀಗೆ ಬಲಮೂಲೆಯಲ್ಲಿ ನಿಂತವನು 9. ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೆಯ ಬೇಸಿನವನಿಗೆ, ಅವನು ಮೊದಲನೆಯ ಬೇಸಿನವನಿಗೆ ಎಸೆದು ಇಬ್ಬರನ್ನು ಔಟ್ ಮಾಡಿದರೆ ಅದು 6-4-3. ಮಗಳು ಆಗ ವಾರಾಂತ್ಯದ ಕನ್ನಡ ತರಗತಿಗೆ ಹೋಗುತ್ತಿದ್ದಳು, ಕನ್ನಡ ಅಂಕಿಗಳು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ನಮ್ಮ ಪುಸ್ತಕದಲ್ಲಿ ೬-೪-೩ ಎಂದು ಬರೆಯೋಣವೆಂದು ನಾನು ಸುಮ್ಮನೆ ಸೂಚಿಸಿದೆ. ಎರಡು ತಿಂಗಳಲ್ಲಿ ಅವಳಿಗೆ ೧ರಿಂದ ೯ರವರೆಗೆ ತಡವರಿಕೆಯೇ ಇಲ್ಲದಂತಾಯಿತು. ಮುಂದಿನ ಸಲ ಊರಿಗೆ ಹೋದಾಗ ಮೈಸೂರಿನ ಬಸ್ಸಿನ ಮೇಲಿದ್ದ ಸಂಖ್ಯೆ ನೋಡಿ, "ಇದು ಶಾರ್ಟ್‌ಸ್ಟಾಪ್ ಬಸ್ಸು" ಎಂದಳು.

ಸ್ಟ್ರೈಕ್‌ಔಟ್‌ಗೆ, ಅಂದರೆ ಬ್ಯಾಟರ್ ಮೂರು ಸ್ಟ್ರೈಕ್‌ಗಳಾಗಿ ಔಟಾಗುವುದಕ್ಕೆ, ಇಂಗ್ಲಿಷಿನ 'ಕೆ' ಅಕ್ಷರ ಬರೆಯುವುದೂ ಚಾಡ್ವಿಕ್‌ನಿಂದ ಬಂದ ಪದ್ಧತಿ. ಬೀಸಿ ತಪ್ಪಿದರೆ ನೇರ 'ಕೆ', ಬೀಸದೆ ನೋಡುತ್ತ ನಿಂತು ಔಟಾದರೆ ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿದ 'ಕೆ'. ಈ ವ್ಯತ್ಯಾಸವನ್ನು ಮಗಳು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾಳೆ; ನೋಡುತ್ತ ನಿಂತವನ ಬಗ್ಗೆ ಅವಳಿಗೆ ಕರುಣೆಯಿಲ್ಲ.

ಯಾವ ಮೈದಾನಕ್ಕೆ ಹೋಗಬೇಕೆಂಬುದು ಮುಂದಿನ ಪ್ರಶ್ನೆಯಾಯಿತು. ನಮ್ಮ ರಾಜ್ಯದಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ತಂಡವಿಲ್ಲ. ವಾಷಿಂಗ್ಟನ್ ಆಗಲಿ ಅಟ್ಲಾಂಟ ಆಗಲಿ ಹಲವು ಗಂಟೆಗಳ ದಾರಿ. ಇದು ಕೊರತೆಯೆಂದು ಮೊದಲು ಅನ್ನಿಸಿತ್ತು, ಈಗ ಅನ್ನಿಸುವುದಿಲ್ಲ. ಡರ್ಹಮ್ ಬುಲ್ಸ್ ಟ್ಯಾಂಪಾ ಬೇ ರೇಸ್‌ನ ಅಧೀನದ ಟ್ರಿಪಲ್ ಎ ತಂಡ, ಅಂದರೆ ಮೇಜರ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗೆ. ಅವರ ಈಗಿನ ಮೈದಾನ 1995ರಲ್ಲಿ ತೆರೆದದ್ದು, ಸುಮಾರು ಹತ್ತು ಸಾವಿರ ಜನ ಹಿಡಿಸುತ್ತದೆ, ಎಲ್ಲಿ ಕುಳಿತರೂ ಆಟಗಾರನ ಮುಖ ಕಾಣುತ್ತದೆ. ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದ ಬೋಶೆಮರ್ ಮೈದಾನ ಮತ್ತು ರಾಲಿಯ ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಡೋಕ್ ಫೀಲ್ಡ್ ಇನ್ನೂ ಚಿಕ್ಕವು. ಅಲ್ಲಿ ತಂಡದ ಹುಡುಗರು ತಮ್ಮತಮ್ಮಲ್ಲಿ ಕೂಗಿಕೊಳ್ಳುವ ಮಾತೂ ಕೇಳಿಸುತ್ತದೆ. ಬರೆಯುವವರಿಗೆ ಈ ಹತ್ತಿರವೇ ಮುಖ್ಯ. ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ದೊಡ್ಡ ಕ್ರೀಡಾಂಗಣದ ಮೇಲಿನ ಸಾಲಿನಿಂದ ಮಗುವಿನ ಕಣ್ಣಿಗೆ ಕಾಣುವುದಿಲ್ಲ.

ಕಾಲೇಜು ಋತು ಫೆಬ್ರವರಿ ಮಧ್ಯದಲ್ಲೇ ಆರಂಭವಾಗುತ್ತದೆ. ಆಗಿನ ಚಳಿಗೆ ನಾವು ಕಂಬಳಿ, ಕಿವಿ ಮುಚ್ಚುವ ಟೋಪಿ, ಬೆರಳ ತುದಿ ಕತ್ತರಿಸಿದ ಕೈಗವಸುಗಳೊಂದಿಗೆ ಹೋಗುತ್ತೇವೆ. ಪೂರ್ತಿ ಕೈಗವಸಿದ್ದರೆ ಪೆನ್ಸಿಲ್ ಹಿಡಿಯಲಾಗದು. ಶುಕ್ರವಾರದಿಂದ ಭಾನುವಾರದವರೆಗೆ ಮೂರು ಪಂದ್ಯಗಳ ಸರಣಿಯಿದ್ದು, ಶುಕ್ರವಾರ ಸಾಮಾನ್ಯವಾಗಿ ತಂಡದ ಅತ್ಯುತ್ತಮ ಪಿಚರ್ ಎಸೆಯುತ್ತಾನೆ. ಚಿಕ್ಕ ಮಕ್ಕಳನ್ನು ಕರೆದೊಯ್ಯುವವರಿಗೆ ನಾನು ಹೇಳುವುದು ಮಂಗಳವಾರ ಅಥವಾ ಬುಧವಾರದ ಪಂದ್ಯ. ಪಕ್ಕದ ಸಣ್ಣ ಕಾಲೇಜೊಂದು ಎದುರಾಳಿಯಾಗಿರುತ್ತದೆ, ಹೊಸ ಪಿಚರ್‌ಗಳಿಗೆ ಅವಕಾಶ ಸಿಗುತ್ತದೆ, ಆದ್ದರಿಂದ ವಜ್ರಗಳು ಬೇಗ ಬೇಗ ತುಂಬುತ್ತವೆ. ಕಾಲೇಜಿನಲ್ಲಿ ಲೋಹದ ದಾಂಡಿಗೆ 1974ರಿಂದ ಅನುಮತಿಯಿದೆ, ಬುಲ್ಸ್‌ನಂಥ ವೃತ್ತಿಪರ ತಂಡಗಳಲ್ಲಿ ಮರದ್ದು ಮಾತ್ರ. ಹೀಗಾಗಿ ಒಂದು ಕಡೆ ಸ್ಟೀಲ್ ಪಾತ್ರೆ ಕೈಜಾರಿದಂತೆ ಠಣ್ ಎನ್ನುವ ಸದ್ದು, ಇನ್ನೊಂದು ಕಡೆ ಒಣ ಸೌದೆ ಒಡೆದಂಥ ಸದ್ದು. ಮಗಳು ಕಣ್ಣು ಮುಚ್ಚಿ ಮೈದಾನ ಯಾವುದೆಂದು ಹೇಳಬಲ್ಲಳು.

2020ರ ಮಾರ್ಚ್‌ನಲ್ಲಿ ಕಾಲೇಜು ಋತು ಅರ್ಧಕ್ಕೆ ನಿಂತಿತು, ಬುಲ್ಸ್‌ನಂಥ ಕೆಳಹಂತದ ತಂಡಗಳು ಆಡುವ ಮೈನರ್ ಲೀಗ್ ಆ ವರ್ಷ ಪೂರ್ತಿ ರದ್ದಾಯಿತು. ಮತ್ತೆ ಆರಂಭವಾದ 2021ರಲ್ಲಿ ವೇಳಾಪಟ್ಟಿಯೇ ಬದಲಾಗಿ, ಒಂದೇ ಎದುರಾಳಿ ತಂಡ ಮಂಗಳವಾರದಿಂದ ಭಾನುವಾರದವರೆಗೆ ಆರು ಪಂದ್ಯ ಆಡುವ ಪದ್ಧತಿ ಬಂತು. ಬಹಳ ಜನ ಇದನ್ನು ಬೇಸರವೆಂದರು, ನಮಗೆ ಅನುಕೂಲವಾಯಿತು. ಮಂಗಳವಾರ ಹೆಸರುಗಳನ್ನು ಬರೆದುಕೊಂಡರೆ ಭಾನುವಾರ ಅವೇ ಹೆಸರುಗಳು, ಅಷ್ಟರಲ್ಲಿ ಅವರೆಲ್ಲ ಪರಿಚಿತರು. 2022ರಲ್ಲಿ ಮೈನರ್ ಲೀಗ್‌ಗೆ ಪಿಚ್ ಗಡಿಯಾರ, ಅಂದರೆ ಚೆಂಡೆಸೆಯಲು ಪಿಚರ್‌ಗೆ ಕಾಲಮಿತಿ, ಬಂದ ಮೇಲೆ ಪಂದ್ಯಗಳು ಸುಮಾರು 25 ನಿಮಿಷ ಕಡಿಮೆಯಾದವು. ಮರುದಿನ ಶಾಲೆಯಿರುವ ಮಗುವಿನ ತಾಯಿಗೆ ಆ 25 ನಿಮಿಷದ ಬೆಲೆ ಬೇರೆ ಯಾರೂ ಹೇಳಬೇಕಿಲ್ಲ.

ತಿಂಡಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ಹೊರಗಿನ ಆಹಾರವನ್ನು ಎಲ್ಲ ಕಡೆ ಬಿಡುವುದಿಲ್ಲ, ಕೆಲವು ಕಡೆ ಪಾರದರ್ಶಕ ಚೀಲವೇ ಬೇಕು. ನನ್ನ ಚಕ್ಕುಲಿ ಡಬ್ಬಿ ಒಮ್ಮೆ ಬಾಗಿಲಲ್ಲೇ ಉಳಿಯಿತು. ಒಳಗೆ ನಮಗೆ ಸಿಗುವುದು ಹುರಿದ ಕಡಲೆಕಾಯಿ. ಆದರೆ ಈ ರಾಜ್ಯದ ರಸ್ತೆಬದಿಗಳಲ್ಲಿ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿಯನ್ನೂ ಮಾರುತ್ತಾರೆ, ಬರುವ ದಾರಿಯಲ್ಲಿ ಅದನ್ನು ಕೊಂಡು ಕಾರಿನಲ್ಲೇ ತಿಂದು ಮುಗಿಸುತ್ತೇವೆ. ಏಳನೆಯ ಇನಿಂಗ್ಸ್‌ನ ನಡುವೆ ಎಲ್ಲರೂ ಎದ್ದು ಹಾಡುವವರೆಗೆ ಇರಬೇಕು, ಆಮೇಲೆ ನಿದ್ದೆ ಬಂದರೆ ಹೊರಡಬಹುದು ಎಂಬುದು ನಾವು ಮಾಡಿಕೊಂಡ ಒಪ್ಪಂದ. ಹತ್ತು ವರ್ಷ ತುಂಬಿದ ಮೇಲೆ ಅವಳೇ ಅದನ್ನು ರದ್ದು ಮಾಡಿದಳು.

ಪಂದ್ಯ ಮುಗಿದ ಮೇಲೆ ತಾಳೆ ನೋಡುವ ಕೆಲಸವಿದೆ. ಒಂದು ತಂಡದಿಂದ ಎಷ್ಟು ಬಾರಿ ಬ್ಯಾಟರ್‌ಗಳು ಬಂದರೋ ಆ ಸಂಖ್ಯೆ, ಅವರು ಗಳಿಸಿದ ರನ್, ಬೇಸ್‌ಗಳ ಮೇಲೆ ಉಳಿದವರು ಮತ್ತು ಔಟಾದವರು, ಈ ಮೂರರ ಮೊತ್ತಕ್ಕೆ ಸಮನಾಗಲೇಬೇಕು. ಬಂದವನಿಗೆ ಈ ಮೂರರಲ್ಲಿ ಒಂದು ಗತಿ ಬಿಟ್ಟರೆ ನಾಲ್ಕನೆಯದಿಲ್ಲ. ಮೊದಲ ಬಾರಿ ವಿಡಿಯೊ ಕರೆಯಲ್ಲಿ ಪುಸ್ತಕವನ್ನು ಅಜ್ಜನಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ಕೇಳಿದ್ದು, "ಬೌಲರ್‌ನ ಲೆಕ್ಕ ಎಲ್ಲಿ?" ಎಂದು. ಪುಟದ ಕೆಳಗೆ ಪಿಚರ್‌ಗೆ ಇರುವ ಸಣ್ಣ ಜಾಗ ನೋಡಿ ಅವರಿಗೆ ಸಮಾಧಾನವಾಗಲಿಲ್ಲ. ತಾಳೆಯ ಸೂತ್ರ ಹೇಳಿದ ಮೇಲೆ ಮಾತ್ರ ಇದು ಮರ್ಯಾದಸ್ತರ ಆಟವೆಂದು ಒಪ್ಪಿಕೊಂಡರು. ಈಗ ತಾಳೆ ತಪ್ಪಿದ ಪುಟದ ಚಿತ್ರವನ್ನು ಮಗಳು ಅವರಿಗೇ ಕಳುಹಿಸುತ್ತಾಳೆ, ಅವರು ಮೈಸೂರಿನಲ್ಲಿ ಕುಳಿತು ತಾನು ನೋಡದ ಪಂದ್ಯದ ತಪ್ಪು ಹುಡುಕುತ್ತಾರೆ.

ಅಜ್ಜನಿಗೆ ಇನ್ನೂ ಹಿಡಿಸಿದ್ದು ಅಂಪೈರ್ ತೀರ್ಪಿನ ಮರುಪರಿಶೀಲನೆ. ಟ್ರಿಪಲ್ ಎ ಮೈದಾನಗಳಲ್ಲಿ 2023ರಿಂದ ಚೆಂಡಿನ ದಾರಿಯನ್ನು ಕ್ಯಾಮೆರಾಗಳು ಅಳೆಯುತ್ತಿವೆ. ಬ್ಯಾಟರ್, ಪಿಚರ್ ಅಥವಾ ಕ್ಯಾಚರ್ ತಲೆ ತಟ್ಟಿಕೊಂಡರೆ ಸವಾಲು ಹಾಕಿದಂತೆ. ಕೆಲವೇ ಕ್ಷಣಗಳಲ್ಲಿ ದೊಡ್ಡ ಪರದೆಯ ಮೇಲೆ ಚೆಂಡು ಎಲ್ಲಿ ಹಾದುಹೋಯಿತೆಂದು ಕಾಣುತ್ತದೆ. ಸವಾಲು ಗೆದ್ದರೆ ಅದು ಉಳಿಯುತ್ತದೆ, ಸೋತರೆ ಕಳೆಯುತ್ತದೆ. ಸುತ್ತಲಿನವರು ಇದನ್ನು ವಿಚಿತ್ರವೆಂಬಂತೆ ನೋಡುತ್ತಿದ್ದಾಗ, ಕ್ರಿಕೆಟ್‌ನ ಡಿಆರ್‌ಎಸ್ ಕಂಡಿದ್ದ ನಾನು ಜೀವನದಲ್ಲಿ ಮೊದಲ ಬಾರಿಗೆ ಪಕ್ಕದ ಅಮೆರಿಕನ್ನರಿಗೆ ಬೇಸ್‌ಬಾಲ್ ವಿವರಿಸಿದೆ. ಮೇಜರ್ ಲೀಗ್ ಈ ಪದ್ಧತಿಯನ್ನು ಒಪ್ಪಿಕೊಂಡದ್ದು 2026ರ ಋತುವಿಗೆ.

ಚಿಕ್ಕ ಮೈದಾನಗಳಲ್ಲಿ ಒಂದು ನೋವೂ ಇದೆ. ಏಪ್ರಿಲ್‌ನಲ್ಲಿ ಮಗಳು ಮೆಚ್ಚಿದ ಶಾರ್ಟ್‌ಸ್ಟಾಪ್ ಒಬ್ಬ ಜೂನ್‌ನಲ್ಲಿ ಇರಲಿಲ್ಲ. ಚೆನ್ನಾಗಿ ಆಡಿದನೆಂದೇ ಮೇಲಿನವರು ಕರೆಸಿಕೊಂಡಿದ್ದರು. ಚೆನ್ನಾಗಿ ಆಡಿದರೆ ಹೋಗಿಬಿಡುತ್ತಾರಾದರೆ ಯಾರಿಗೆ ಚಪ್ಪಾಳೆ ತಟ್ಟಬೇಕು ಎಂದು ಎಂಟು ವರ್ಷದವಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಊರು ಬಿಟ್ಟು ಬಂದ ನಾನು ಆ ಪ್ರಶ್ನೆಯನ್ನು ಬೇರೆ ರೀತಿಯಲ್ಲೂ ಕೇಳಿಸಿಕೊಂಡೆ.

2024ರಲ್ಲಿ ಚಾಪೆಲ್ ಹಿಲ್ ತಂಡದ ಮಧ್ಯಮೈದಾನದಲ್ಲಿ, ಅಂದರೆ ಎಂಟನೆಯ ಅಂಕಿಯ ಜಾಗದಲ್ಲಿ, ವ್ಯಾನ್ಸ್ ಹನಿಕಟ್ ಎಂಬ ಆಟಗಾರನಿದ್ದ. ಆ ವಸಂತದ ನಮ್ಮ ಪುಟಗಳಲ್ಲಿ ಅವನ ಸಾಲು ತುಂಬಿದ ವಜ್ರ ಅಥವಾ 'ಕೆ', ಇವೆರಡರಿಂದಲೇ ತುಂಬಿದೆ. ಆ ಋತುವಿನಲ್ಲಿ ಅವನು ಹೊಡೆದ 28 ಹೋಮ್ ರನ್ ಆ ವಿಶ್ವವಿದ್ಯಾಲಯದ ದಾಖಲೆ, ಸ್ಟ್ರೈಕ್‌ಔಟ್ ಆದದ್ದೂ ಕಡಿಮೆಯಲ್ಲ. ಜೂನ್‌ನಲ್ಲಿ ವೆಸ್ಟ್ ವರ್ಜೀನಿಯಾ ವಿರುದ್ಧ, ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯ ಸೂಪರ್ ರೀಜನಲ್ ಸುತ್ತಿನ ಸರಣಿ ಬೋಶೆಮರ್‌ನಲ್ಲೇ ನಡೆದರೂ ನಮಗೆ ಟಿಕೆಟ್ ಸಿಗಲಿಲ್ಲ. ಮನೆಯ ಟಿವಿ ಮುಂದೆ ಪುಸ್ತಕ ಹಿಡಿದು ಕುಳಿತೆವು, ಆದರೆ ಕ್ಯಾಮೆರಾ ತೋರಿಸಿದ್ದನ್ನಷ್ಟೇ ಬರೆಯಬೇಕಾದ್ದರಿಂದ ಮಗಳಿಗೆ ಬಹಳ ಸಿಟ್ಟು ಬಂದಿತ್ತು. ಮೊದಲ ಪಂದ್ಯದ ಕೊನೆಯಲ್ಲಿ ಹನಿಕಟ್ ಹೊಡೆದ ಎರಡು ರನ್‌ಗಳ ಹೋಮ್ ರನ್‌ನಿಂದ 8-6ರ ಗೆಲುವು ಬಂತು. ಅವಳು ಕಿರುಚಲಿಲ್ಲ; ವಜ್ರವನ್ನು ನಿಧಾನವಾಗಿ ತುಂಬಿ, ಹಿಂದಿನ ಪುಟಗಳಿಗೆ ಹೋಗಿ ಅವನ 'ಕೆ'ಗಳನ್ನು ಒಂದೊಂದಾಗಿ ಎಣಿಸತೊಡಗಿದಳು.

ಮುಂದಿನ ತಿಂಗಳು, ಮೇಜರ್ ಲೀಗ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಬಾಲ್ಟಿಮೋರ್ ತಂಡ ಅವನನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಈ ಬಾರಿ ಮಗಳು ಅಳಲಿಲ್ಲ. ಬಾಲ್ಟಿಮೋರ್‌ನ ಟ್ರಿಪಲ್ ಎ ತಂಡ ನಾರ್ಫಕ್‌ನಲ್ಲಿದೆ, ಅದೂ ಡರ್ಹಮ್ ಬುಲ್ಸ್ ಆಡುವ ಲೀಗ್‌ನಲ್ಲೇ ಇದೆ ಎಂದು ಅವಳೇ ಹುಡುಕಿ ನನಗೆ ಹೇಳಿದಳು. ಅಂದಿನಿಂದ ಪ್ರತಿ ವರ್ಷ ಬುಲ್ಸ್ ವೇಳಾಪಟ್ಟಿ ಬಂದ ಕೂಡಲೇ ನಾರ್ಫಕ್‌ನವರು ಬರುವ ವಾರಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಾಳೆ, ಗೋಡೆಯ ಮೇಲೆ, ಯುಗಾದಿಯ ಪಕ್ಕದಲ್ಲಿ, ಒಂದು ಸಣ್ಣ ೮.