ಪೆಟ್ಟು ತಿಂದ ಟೈರ್: ಓಡಿಸಬೇಕೋ, ಬದಲಿಸಬೇಕೋ?

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಭಾಗದ ಪಂಕ್ಚರ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಟ್ರೇಲರ್‌ಗಳಿಂದ ಉದುರಿದ ಬೋಲ್ಟು, ಬೇಲಿಯಿಂದ ದಾರಿಗೆ ಬಿದ್ದ ಜಾಲಿಮುಳ್ಳು, ಭಾರದ ಗಾಡಿಗಳು ಕೊರೆದಿಟ್ಟ ತಗ್ಗು, ಇವೆಲ್ಲ ಕಾರಿನ ಟೈರಿಗೆ ಒಂದಿಲ್ಲೊಂದು ಬಗೆಯ ಪೆಟ್ಟು ಕೊಡುತ್ತವೆ. ಪೆಟ್ಟು ಬಿದ್ದ ಮೇಲೆ ಹೆಚ್ಚಿನವರು ನೋಡುವುದು ಹವಾ ನಿಂತಿದೆಯೋ ಇಲ್ಲವೋ ಎಂಬುದನ್ನಷ್ಟೇ. ಆದರೆ ಟೈರಿನ ಬಲವಿರುವುದು ರಬ್ಬರಿನೊಳಗೆ ಹೆಣೆದ ನೂಲು ಹಾಗೂ ಉಕ್ಕಿನ ತಂತಿಗಳಲ್ಲಿ. ಆ ಹೆಣಿಗೆ ಕಡಿದಿದ್ದರೂ ಟೈರ್ ಕೆಲವು ದಿನ ಹವಾ ಹಿಡಿದು ನಿಲ್ಲಬಲ್ಲದು. ಹಾಗಾಗಿ ಪೆಟ್ಟು ಬಿದ್ದಿರುವ ಜಾಗ ಯಾವುದು ಎಂಬುದನ್ನು ಮೊದಲು ತಿಳಿಯಬೇಕು.

ತಗ್ಗಿಗೆ ಬಿದ್ದು ಜೋರಾದ ಸದ್ದು ಬಂದರೆ ಸುರಕ್ಷಿತ ಜಾಗ ಸಿಕ್ಕ ಕೂಡಲೇ ಗಾಡಿ ನಿಲ್ಲಿಸಿ. ಸ್ಟೇರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದರೆ ಮುಂದಿನ ಟೈರುಗಳ ಮೇಲ್ಮೈ ಹೊರಗೆ ಕಾಣುತ್ತದೆ. ಒಳಬದಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಮೊಬೈಲನ್ನು ಟೈರಿನ ಹಿಂದೆ ಹಿಡಿದು, ಬೆಳಕು ಹಾಕಿ ಫೋಟೊ ತೆಗೆದು ನೋಡುವುದು ಸುಲಭದ ದಾರಿ. ಟೈರಿನ ಪಕ್ಕದ ಗೋಡೆಯ ಮೇಲೆ, ಅಂದರೆ ರಿಮ್ಮಿಗೂ ನೆಲಕ್ಕೆ ತಾಗುವ ಭಾಗಕ್ಕೂ ನಡುವಿನ ಬದಿಯ ಮೇಲೆ, ಬಟ್ಟೆ ಹಿಡಿದ ಕೈಯನ್ನು ಸುತ್ತಲೂ ಸವರಿ. ಬರಿಗೈ ಬೇಡ, ಎಲ್ಲಾದರೂ ತಂತಿ ಹೊರಬಂದಿದ್ದರೆ ಚುಚ್ಚುತ್ತದೆ. ಅರ್ಧ ನಿಂಬೆಹಣ್ಣಿನಂತೆ ಉಬ್ಬು ಸಿಕ್ಕಿತೆಂದರೆ ಒಳಗಿನ ನೂಲು ಹರಿದು, ಹವಾದ ಒತ್ತಡವನ್ನು ಅಲ್ಲಿ ಬರಿಯ ರಬ್ಬರು ತಡೆದುಕೊಂಡಿದೆ ಎಂದರ್ಥ. ಇದಕ್ಕೆ ರಿಪೇರಿ ಇಲ್ಲ. ಯಾರಾದರೂ ಒಳಗೆ ಪ್ಯಾಚ್ ಹಾಕಿಕೊಡುತ್ತೇನೆ ಎಂದರೂ ಒಪ್ಪಬಾರದು. ಆದರೆ ಗೋಡೆಯ ಮೇಲೆ ಮೇಲಿಂದ ಕೆಳಕ್ಕೆ ಹೋದ ಸಣ್ಣ ತಗ್ಗಾದ ಗೆರೆ ಕಂಡು ಗಾಬರಿಯಾಗಬೇಕಿಲ್ಲ. ಅದು ಸಾಮಾನ್ಯವಾಗಿ ಒಳಪದರಗಳು ಒಂದರ ಮೇಲೊಂದು ಕೂಡುವ ಜಾಗ.

ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಹೊಕ್ಕಿದ್ದರೆ ಪರಿಸ್ಥಿತಿ ಬೇರೆ. ಅದನ್ನು ದಾರಿಯಲ್ಲೇ ಕೀಳಬೇಡಿ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆಯೇ ತೂತನ್ನು ಮುಚ್ಚಿಕೊಂಡು ಹವಾ ನಿಧಾನವಾಗಿ ಇಳಿಯುವಂತೆ ಮಾಡಿರುತ್ತದೆ. ಒತ್ತಡ ತೀರಾ ಇಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿರದ ಅಂಗಡಿಯವರೆಗೆ ಮೆಲ್ಲಗೆ ಹೋಗಬಹುದು. ಸುಮಾರು 6 ಮಿಲಿಮೀಟರ್‌ವರೆಗಿನ ತೂತು ಮೇಲ್ಮೈಯ ನಡುಭಾಗದಲ್ಲಿದ್ದರೆ ರಿಪೇರಿಯಾಗುತ್ತದೆ. ಅಂಚಿಗೆ ಸರಿದಿದ್ದರೆ ಇಲ್ಲ. ಹೊರಗಿನಿಂದ ತುರುಕುವ ಸ್ಟ್ರಿಪ್ ಹತ್ತು ನಿಮಿಷದ ಕೆಲಸವಾದ್ದರಿಂದ ಎಲ್ಲರಿಗೂ ಅದೇ ಪ್ರಿಯ, ಆದರೆ ಅದನ್ನು ತಾತ್ಕಾಲಿಕವೆಂದೇ ಎಣಿಸಬೇಕು. ಟೈರನ್ನು ರಿಮ್ಮಿನಿಂದ ಬಿಚ್ಚಿ, ಒಳಗಿನಿಂದ ತೂತು ತುಂಬಿ ಪ್ಯಾಚ್ ಅಂಟಿಸಿದ್ದೇ ಸರಿಯಾದ ರಿಪೇರಿ.

ಬಿಚ್ಚಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಹವಾ ಪೂರ್ತಿ ಇಳಿದ ಮೇಲೂ "ಅಂಗಡಿ ಇಲ್ಲೇ ಮುಂದಿದೆ" ಎಂದು ಗಾಡಿ ಓಡಿಸಿದ್ದರೆ, ರಿಮ್ಮು ಮತ್ತು ರಸ್ತೆಯ ನಡುವೆ ಸಿಕ್ಕ ಪಕ್ಕದ ಗೋಡೆ ಅರೆದುಹೋಗಿರುತ್ತದೆ. ಟೈರ್ ಬಿಚ್ಚಿದಾಗ ಒಳಗೆ ಕಪ್ಪು ರಬ್ಬರ್ ಪುಡಿ ಉದುರಿದರೆ, ಇಲ್ಲವೇ ಒಳಗೋಡೆಯ ಸುತ್ತ ಉಜ್ಜಿದ ಪಟ್ಟೆ ಕಂಡರೆ, ತೂತು ಎಷ್ಟೇ ಚಿಕ್ಕದಿರಲಿ, ಆ ಟೈರನ್ನು ಮತ್ತೆ ಹಾಕಿಸಬಾರದು. ಹೊರಗಿನಿಂದ ಅದು ಹೊಸದರಂತೆಯೇ ಕಾಣುತ್ತಿರಬಹುದು.

ಸವಕಳಿ ನೋಡುವುದು ಕಷ್ಟವಲ್ಲ. ತೋಡುಗಳ ತಳದಲ್ಲಿ ಅಲ್ಲಲ್ಲಿ ಚಿಕ್ಕ ರಬ್ಬರ್ ದಿಬ್ಬಗಳಿರುತ್ತವೆ. ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿಲಿಮೀಟರ್, ಅಂದರೆ ಕಾರಿಗೆ ಕಾನೂನು ಒಪ್ಪುವ ಕೊನೆಯ ಮಿತಿ. ಗೋಡೆಯ ಮೇಲಿನ ಅಂಡಾಕಾರದ ಚೌಕಟ್ಟಿನೊಳಗಿನ ನಾಲ್ಕು ಅಂಕಿ ತಯಾರಾದ ಕಾಲವನ್ನು ಹೇಳುತ್ತದೆ: 2321 ಎಂದಿದ್ದರೆ 2021ರ 23ನೇ ವಾರ. ಐದು ವರ್ಷ ದಾಟಿದ ಟೈರಿನಲ್ಲಿ, ಹೆಚ್ಚು ಓಡದಿದ್ದರೂ, ಬಿರುಕುಗಳನ್ನು ಹುಡುಕಿ ನೋಡಬೇಕು.

ವಿಜಯಪುರದ ಬೇಸಿಗೆಯಲ್ಲಿ ಇದೆಲ್ಲಕ್ಕೂ ಬಿಸಿಲು ಸೇರಿಕೊಳ್ಳುತ್ತದೆ. ಟೈರ್ ಸಿಡಿಯುವುದಕ್ಕೆ ಹವಾ ಹೆಚ್ಚಾದದ್ದೇ ಕಾರಣವೆಂದು ನಂಬಿ, ಏಪ್ರಿಲ್ ಬಂತೆಂದರೆ ಹವಾ ಇಳಿಸಿ ಓಡಿಸುವವರಿದ್ದಾರೆ; ಇದು ತಲೆಕೆಳಗಾದ ಲೆಕ್ಕ. ಹವಾ ಕಡಿಮೆಯಾದ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗೆ ಕಾವು ಏರುತ್ತದೆ, ಮೊದಲೇ ಪೆಟ್ಟು ತಿಂದ ಜಾಗ ಆ ಕಾವಿಗೆ ಬಿಟ್ಟುಕೊಳ್ಳುತ್ತದೆ. ಸೊಲ್ಲಾಪುರದ ಹೆದ್ದಾರಿ ಹಿಡಿಯುವ ಮುನ್ನ, ಗಾಡಿ ಬಿಸಿಯಾಗುವುದಕ್ಕಿಂತ ಮೊದಲೇ, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಷ್ಟು ಹವಾ ಹೊಡೆಸಿ. ಐದು ಮಂದಿ, ಜೊತೆಗೆ ಸಾಮಾನು ಇದ್ದರೆ ಅದೇ ಚೀಟಿಯಲ್ಲಿ ಪೂರ್ಣ ಭಾರಕ್ಕೆಂದು ಬೇರೆ ಅಂಕಿ ಇರುತ್ತದೆ.

ಓಡುತ್ತಿರುವಾಗಲೇ ಟೈರ್ ಸಿಡಿದರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ, ಗಾಡಿ ಪಲ್ಟಿಯಾಗುವುದಕ್ಕೂ ಅದೇ ಕಾರಣವಾಗಬಹುದು. ಎರಡೂ ಕೈಗಳಿಂದ ಸ್ಟೇರಿಂಗ್ ಬಿಗಿಹಿಡಿದು, ಗಾಡಿಯನ್ನು ನೇರ ದಾರಿಯಲ್ಲೇ ಇರಿಸಿ, ಎಕ್ಸಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಿರಿ. ವೇಗ ತಾನಾಗಿ ಇಳಿದ ಮೇಲೆ ಎಡಕ್ಕೆ ಸರಿದು ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಮನೆಯವರನ್ನು ರಸ್ತೆಯಿಂದ ದೂರ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033ಕ್ಕೆ ಕರೆ ಮಾಡಬಹುದು.

ಸ್ಟೆಪ್ನಿ ಹಾಕುವಾಗ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ನಟ್ಟುಗಳನ್ನು ಜಾಕ್ ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಿ. ಎರೆಮಣ್ಣಿನ ಮೇಲೆ ಜಾಕ್ ಇಟ್ಟರೆ ಅದು ಹೂತುಹೋಗುವುದರಿಂದ ಕೆಳಗೆ ಗಟ್ಟಿ ಹಲಗೆ ಬೇಕೇಬೇಕು. ಸ್ಟೆಪ್ನಿ ಉಳಿದ ಟೈರುಗಳಿಗಿಂತ ಸಣ್ಣದಿದ್ದರೆ, ಅದರ ಮೇಲೆ ಬರೆದಿರುವ ವೇಗದ ಮಿತಿಯನ್ನು, ಸಾಮಾನ್ಯವಾಗಿ ಗಂಟೆಗೆ 80 ಕಿಲೊಮೀಟರ್, ಮೀರಬಾರದು.

ಬದಲಿಸಲೇಬೇಕಾದಾಗ ಒಂದೇ ಆ್ಯಕ್ಸಲ್‌ನ ಎರಡನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದು. ಹೊಸ ಜೋಡಿಯನ್ನು ಮುಂದಕ್ಕೆ ಹಾಕುವ ರೂಢಿ ನಮ್ಮಲ್ಲಿದ್ದರೂ, ಮಳೆಯ ರಸ್ತೆಯಲ್ಲಿ ಹಿಂಭಾಗ ಜಾರದಿರಲು ಅದನ್ನು ಹಿಂದಕ್ಕೇ ಹಾಕಿಸಿ; ತಗ್ಗಿನ ಪೆಟ್ಟಿನಿಂದ ಕೆಟ್ಟ ಟೈರಾಗಿದ್ದರೆ ಅದೇ ಹೊತ್ತಿಗೆ ರಿಮ್ಮು ಬಾಗಿದೆಯೇ ನೋಡಿಸಿ, ಅಲೈನ್‌ಮೆಂಟ್ ಕೂಡ ಮಾಡಿಸಿಕೊಳ್ಳಿ.